ಒಬ್ಬರು ಮಾಡಿದ ಪಿಪಿಟಿ ಹತ್ತು ಶಾಲೆಗೆ ಸಲ್ಲಲಿ

ಶಿಕಾರಿಪುರ, ಸೊರಬ ತಾಲ್ಲೂಕುಗಳ ಶಿಕ್ಷಕರ ದಿನ ಶಾಲೆಯ ಕೊನೆಯ ಗಂಟೆಗೆ ಮುಗಿಯುವುದಿಲ್ಲ. ಹಾಜರಾತಿ, ಬಿಸಿಯೂಟದ ಲೆಕ್ಕ, ಎಸ್‌ಎಟಿಎಸ್‌ಗೆ ವಿದ್ಯಾರ್ಥಿಗಳ ಮಾಹಿತಿ ತುಂಬುವುದು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯ ನಡಾವಳಿ ಬರೆಯುವುದು, ಇವೆಲ್ಲ ಆದ ಮೇಲೆ ನಾಳಿನ ಪಾಠದ ತಯಾರಿ. ಪ್ರೊಜೆಕ್ಟರ್ ಅಥವಾ ಸ್ಮಾರ್ಟ್ ಕ್ಲಾಸ್ ಇರುವ ಶಾಲೆಗಳಲ್ಲಿ ಈಗ ಆ ತಯಾರಿಗೆ ಪವರ್‌ಪಾಯಿಂಟ್ ಸ್ಲೈಡುಗಳ ಪಿಪಿಟಿಯೂ ಸೇರಿಕೊಂಡಿದೆ. ರಾತ್ರಿ ಊಟ ಮುಗಿಸಿ ಲ್ಯಾಪ್‌ಟಾಪ್ ತೆರೆದವರು ಹೊತ್ತು ಮೀರಿದರೂ ಅಕ್ಷರದ ಗಾತ್ರ ಸರಿಪಡಿಸುತ್ತ, ಚಿತ್ರಗಳನ್ನು ಎಳೆದು ಕೂರಿಸುತ್ತ ಇರುತ್ತಾರೆ. ಅದೇ ಹೊತ್ತಿಗೆ ಪಕ್ಕದ ಹೋಬಳಿಯ ಇನ್ನೊಬ್ಬ ಶಿಕ್ಷಕಿ ಅದೇ ಪಾಠಕ್ಕೆ ಅದೇ ಚಿತ್ರವನ್ನು ಹುಡುಕುತ್ತಿರುತ್ತಾರೆ. ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಾಗುವುದಿಲ್ಲ.

ಈ ಶ್ರಮದಲ್ಲಿ ಬಹುಪಾಲು ತಪ್ಪಿಸಬಹುದಾದದ್ದು ಎಂದು ನಾನು ನಂಬಿದ್ದೇನೆ. ತಪ್ಪಿಸುವ ದಾರಿಗಳು ಕಷ್ಟದವಲ್ಲ. ಹೊಸ ಯಂತ್ರ ಬೇಡ, ದುಡ್ಡು ಬೇಡ, ದೊಡ್ಡ ತರಬೇತಿಯೂ ಬೇಡ. ಕೆಲವು ಕೀಲಿಗಳ ಪರಿಚಯ, ಒಂದು ಭಾನುವಾರದ ಪೂರ್ವತಯಾರಿ, ಮತ್ತು ಮಾಡಿದ್ದನ್ನು ಹಂಚಿಕೊಳ್ಳುವ ಮನಸ್ಸು ಇಷ್ಟೇ ಸಾಕು. ಮೂರನೆಯದು ನಿಮ್ಮಲ್ಲಿ ಇದ್ದೇ ಇದೆ. ಮೊದಲೆರಡರ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ದಯವಿಟ್ಟು ಸಾವಧಾನವಾಗಿ ಓದಿ. ಸಾಧ್ಯವಾದರೆ ಕಂಪ್ಯೂಟರಿನ ಮುಂದೆ ಕುಳಿತು ಓದಿ.

ಪವರ್‌ಪಾಯಿಂಟ್ ಮಾರುಕಟ್ಟೆಗೆ ಬಂದದ್ದು 1987ರಲ್ಲಿ. ಅದನ್ನು ರೂಪಿಸಿದವರ ಕಣ್ಣ ಮುಂದೆ ಇದ್ದದ್ದು ಕಂಪನಿಗಳ ಸಭೆಗಳು. ಅದರೊಳಗೆ ಸಿದ್ಧವಾಗಿ ಸಿಗುವ ವಿನ್ಯಾಸಗಳಲ್ಲಿ ಇಂದಿಗೂ ಆ ಛಾಯೆ ಇದೆ. ಕಡು ಬಣ್ಣದ ಹಿನ್ನೆಲೆ, ತೆಳು ಅಕ್ಷರ, ಮೂಲೆಯಲ್ಲಿ ಅಲಂಕಾರ. ಕಿಟಕಿಗೆ ಪರದೆಯಿಲ್ಲದ, ಬೆಳಕು ಧಾರಾಳವಾಗಿ ಒಳಗೆ ಬರುವ ನಮ್ಮ ತರಗತಿಯಲ್ಲಿ ಅದು ಕಾಣುವುದಿಲ್ಲ. ಕಾಣದಿದ್ದಾಗ ಶಿಕ್ಷಕರು ಪ್ರತಿ ಸ್ಲೈಡಿನಲ್ಲೂ ಬಣ್ಣ ಬದಲಿಸುತ್ತ, ಅಕ್ಷರ ದಪ್ಪ ಮಾಡುತ್ತ ಕೂರಬೇಕಾಗುತ್ತದೆ. ಹೆಚ್ಚು ಹೊತ್ತು ಹೋಗುವುದು ಇಲ್ಲೇ.

ಆದ್ದರಿಂದ ಮೊದಲು ಸ್ಲೈಡ್ ಮಾಸ್ಟರ್ ಪರಿಚಯ ಮಾಡಿಕೊಳ್ಳಿ. ಮೇಲಿನ ಸಾಲಿನಲ್ಲಿ ‘ವ್ಯೂ’ ಒತ್ತಿದರೆ ‘ಸ್ಲೈಡ್ ಮಾಸ್ಟರ್’ ಎಂಬ ಗುಂಡಿ ಸಿಗುತ್ತದೆ. ಒಳಗೆ ಹೋದರೆ ಎಡಗಡೆ ಒಂದು ದೊಡ್ಡ ಸ್ಲೈಡು, ಅದರ ಕೆಳಗೆ ಸಾಲಾಗಿ ಚಿಕ್ಕವು ಕಾಣುತ್ತವೆ. ಎಲ್ಲಕ್ಕಿಂತ ಮೇಲಿನ ದೊಡ್ಡದರಲ್ಲಿ ನೀವು ಏನು ಬದಲಿಸಿದರೂ ಅದು ಕಡತದ ಎಲ್ಲ ಸ್ಲೈಡುಗಳಿಗೂ ಅನ್ವಯವಾಗುತ್ತದೆ. ಅಲ್ಲಿ ಹಿನ್ನೆಲೆಯನ್ನು ಬಿಳಿ ಅಥವಾ ತಿಳಿ ಹಳದಿ ಮಾಡಿ. ಅಕ್ಷರವನ್ನು ಕಪ್ಪು ಅಥವಾ ಕಡುನೀಲಿ ಮಾಡಿ. ಶೀರ್ಷಿಕೆಗೆ 40, ವಿಷಯಕ್ಕೆ 28ಕ್ಕಿಂತ ಕಡಿಮೆಯಿಲ್ಲದ ಗಾತ್ರ ಇಡಿ. ಕೊನೆಯ ಬೆಂಚಿನ ಮಗುವಿಗೂ ಕಾಣಬೇಕು.

ಕನ್ನಡಕ್ಕೆ ಇನ್ನೊಂದು ಕಾಳಜಿ ಬೇಕು. ನಮ್ಮ ಅಕ್ಷರಗಳಿಗೆ ಒತ್ತು ಇದೆ. ‘ರಾಷ್ಟ್ರ’, ‘ಸ್ವಾತಂತ್ರ್ಯ’ ಎಂದು ಬರೆದಾಗ ಒತ್ತಕ್ಷರಗಳು ಒಂದರ ಕೆಳಗೊಂದು ಇಳಿಯುತ್ತವೆ. ಸಾಲುಗಳ ನಡುವೆ ಜಾಗ ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಓದಲು ಕಷ್ಟವಾಗುತ್ತದೆ. ಇಂಗ್ಲಿಷಿಗೆಂದು ಮಾಡಿದ ಅಳತೆ ಇಲ್ಲಿ ಸಾಲದು. ಸಾಲಿನ ಅಂತರವನ್ನು 1.2ರಷ್ಟು ಇಟ್ಟರೆ ಅಕ್ಷರಗಳು ಉಸಿರಾಡುತ್ತವೆ. ಇದನ್ನೂ ಮಾಸ್ಟರ್‌ನಲ್ಲೇ ಒಮ್ಮೆ ಮಾಡಿಬಿಡಿ.

ಆಮೇಲೆ ಕೆಳಗಿನ ಚಿಕ್ಕ ವಿನ್ಯಾಸಗಳಲ್ಲಿ ನಿಮಗೆ ಬೇಕಾದ ನಾಲ್ಕೈದನ್ನು ಮಾತ್ರ ಉಳಿಸಿಕೊಳ್ಳಿ. ಪಾಠದ ಹೆಸರಿಗೆ ಒಂದು, ಚಿತ್ರ ತುಂಬಿಕೊಳ್ಳುವುದಕ್ಕೆ ಒಂದು, ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಲು ಒಂದು, ಮಕ್ಕಳಿಗೆ ಪ್ರಶ್ನೆ ಕೇಳಲು ಒಂದು. ಮಿಕ್ಕವನ್ನು ಅಳಿಸಿ. ಮಾಸ್ಟರ್ ಮುಚ್ಚಿ, ಕಡತ ಉಳಿಸುವಾಗ ‘ಪವರ್‌ಪಾಯಿಂಟ್ ಟೆಂಪ್ಲೇಟ್’ ಎಂಬ ಬಗೆಯನ್ನು ಆರಿಸಿ. ಇನ್ನು ಮೇಲೆ ಪ್ರತಿ ಪಾಠವೂ ಈ ಅಚ್ಚಿನಿಂದಲೇ ಶುರುವಾಗುತ್ತದೆ. ಬಣ್ಣ, ಗಾತ್ರ, ಅಂತರ ಯಾವುದನ್ನೂ ಮತ್ತೆ ಮುಟ್ಟಬೇಕಿಲ್ಲ. ಒಂದು ಭಾನುವಾರದ ಪೂರ್ವತಯಾರಿ ಎಂದೆನಲ್ಲ, ಅದು ಇದೇ.

ಎರಡನೆಯ ಮಾತು ಬರಹದ್ದು. ಇದು ಚಿಕ್ಕದಾಗಿ ಕಂಡರೂ ನನ್ನ ಮನವಿಯ ತಿರುಳು ಇಲ್ಲೇ ಇದೆ. ಕನ್ನಡವನ್ನು ಕಂಪ್ಯೂಟರಿಗೆ ತಂದ ಹಿರಿಯರ ಋಣ ನಮ್ಮ ಮೇಲಿದೆ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಕನ್ನಡ ಗಣಕ ಪರಿಷತ್ತಿನ ‘ನುಡಿ’, ಶೇಷಾದ್ರಿವಾಸು ಅವರ ‘ಬರಹ’ ಇಲ್ಲದಿದ್ದರೆ ನಮ್ಮ ಶಾಲೆಗಳಲ್ಲಿ ಕನ್ನಡದ ಒಂದು ಪ್ರಶ್ನೆಪತ್ರಿಕೆಯೂ ತಯಾರಾಗುತ್ತಿರಲಿಲ್ಲ. ಆದರೆ ಆ ಕಾಲದ ಹಳೆಯ ಫಾಂಟುಗಳಲ್ಲಿ ಬರೆದ ಕಡತ ಆ ಫಾಂಟು ಇರುವ ಕಂಪ್ಯೂಟರಿನಲ್ಲಿ ಮಾತ್ರ ಕನ್ನಡವಾಗಿ ಕಾಣುತ್ತದೆ. ಬೇರೆಡೆ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಮನೆಯಲ್ಲಿ ಮಾಡಿದ ಪಿಪಿಟಿ ಶಾಲೆಯ ಕಂಪ್ಯೂಟರಿನಲ್ಲಿ ಹಾಳಾಗಿ ಕಾಣುವುದಕ್ಕೆ ಬಹಳ ಸಲ ಇದೇ ಕಾರಣ. ಅಂಥ ಕಡತವನ್ನು ಇನ್ನೊಬ್ಬರಿಗೆ ಕೊಟ್ಟರೂ ಉಪಯೋಗವಾಗುವುದಿಲ್ಲ. ಹುಡುಕಿದರೂ ಸಿಗುವುದಿಲ್ಲ.

ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಅಕ್ಷರ ಸಂಕೇತದಲ್ಲಿ, ಬರೆದರೆ ಈ ತೊಂದರೆಯಿಲ್ಲ. ಈಗಿನ ‘ನುಡಿ’ಯಲ್ಲೂ ಯೂನಿಕೋಡ್‌ನಲ್ಲಿ ಬರೆಯುವ ಸೌಲಭ್ಯವಿದೆ. ನಿಮ್ಮ ಬೆರಳಿಗೆ ರೂಢಿಯಾದ ಕೀಲಿಗಳು ಬದಲಾಗುವುದಿಲ್ಲ. ವಿಂಡೋಸ್ 10ರಲ್ಲಿ 2019ರಿಂದ ಕನ್ನಡದ ಫೊನೆಟಿಕ್ ಕೀಲಿಮಣೆಯೂ ಇದೆ. ಸೆಟ್ಟಿಂಗ್ಸ್‌ನಲ್ಲಿ ಒಮ್ಮೆ ಕನ್ನಡವನ್ನು ಸೇರಿಸಿಕೊಂಡರೆ ಸಾಕು. ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಕನ್ನಡ, ಮತ್ತೆ ಒತ್ತಿದರೆ ಇಂಗ್ಲಿಷ್. ಫಾಂಟಿಗೆ ಅಲೆಯಬೇಕಿಲ್ಲ. ವಿಂಡೋಸ್‌ನಲ್ಲಿ ‘ನಿರ್ಮಲಾ ಯುಐ’ ಮೊದಲೇ ಇರುತ್ತದೆ. ನೋಡಲು ಸ್ಪಷ್ಟವಾಗಿದೆ. ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಬದಲಿಸಿಕೊಡುವ ಪರಿವರ್ತಕಗಳೂ ಉಚಿತವಾಗಿ ಸಿಗುತ್ತವೆ. ಪರಿವರ್ತನೆಯಾದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿದರಾಯಿತು.

ಟೈಪಿಂಗ್ ನಿಧಾನ ಎನ್ನುವವರಿಗೆ ಒಂದು ಮಾತು. ನಿಮ್ಮ ಮೊಬೈಲಿನ ಕೀಲಿಮಣೆಯಲ್ಲಿ ಮೈಕಿನ ಗುರುತು ಇರುತ್ತದೆ. ಭಾಷೆ ಕನ್ನಡಕ್ಕೆ ಇಟ್ಟು ಅದನ್ನು ಒತ್ತಿ ಮಾತಾಡಿದರೆ ನೀವು ಹೇಳಿದ್ದು ಅಕ್ಷರವಾಗುತ್ತದೆ. ತರಗತಿಯಲ್ಲಿ ಹೇಳುವಂತೆಯೇ ಹೇಳಿ. ಗೂಗಲ್ ಡಾಕ್ಸ್‌ನಲ್ಲೂ ಈ ಅನುಕೂಲವಿದೆ. ‘ಲ’ಕಾರ ‘ಳ’ಕಾರ ಅದಲುಬದಲಾಗಬಹುದು, ಅಲ್ಲಲ್ಲಿ ಪದ ತಪ್ಪಾಗಬಹುದು. ತಿದ್ದುವುದಕ್ಕೆ ಹಿಡಿಯುವ ಹೊತ್ತು ಮೊದಲಿಂದ ಟೈಪ್ ಮಾಡುವುದಕ್ಕಿಂತ ಎಷ್ಟೋ ಕಡಿಮೆ. ಅಚ್ಚಾದ ಪುಟದ ನಾಲ್ಕು ಸಾಲು ಬೇಕಿದ್ದರೆ ಗೂಗಲ್ ಲೆನ್ಸ್‌ನಲ್ಲಿ ಚಿತ್ರ ತೆಗೆದು ಅಕ್ಷರಗಳನ್ನು ನಕಲು ಮಾಡಿಕೊಳ್ಳಬಹುದು.

ಇನ್ನೊಂದು ಒಳದಾರಿಯನ್ನು ನಮ್ಮಲ್ಲಿ ಬಳಸುವವರು ಕಡಿಮೆ. ನೀವು ಪಾಠ ಟಿಪ್ಪಣಿಯನ್ನು ವರ್ಡ್‌ನಲ್ಲಿ ಬರೆಯುತ್ತೀರಲ್ಲ, ಅದರಿಂದಲೇ ಸ್ಲೈಡುಗಳು ತಾವಾಗಿ ಹುಟ್ಟಬಲ್ಲವು. ಸ್ಲೈಡಿನ ಶೀರ್ಷಿಕೆಯಾಗಬೇಕಾದ ಸಾಲಿನಲ್ಲಿ ಕರ್ಸರ್ ಇಟ್ಟು ಕಂಟ್ರೋಲ್, ಆಲ್ಟ್ ಹಿಡಿದು 1 ಒತ್ತಿ. ಅದರ ಕೆಳಗಿನ ಅಂಶಗಳಿಗೆ ಹಾಗೆಯೇ 2 ಒತ್ತಿ. ಕಡತ ಉಳಿಸಿ ಮುಚ್ಚಿ. ನಿಮ್ಮ ಅಚ್ಚನ್ನು ಪವರ್‌ಪಾಯಿಂಟ್‌ನಲ್ಲಿ ತೆರೆದು, ‘ನ್ಯೂ ಸ್ಲೈಡ್’ ಗುಂಡಿಯ ಕೆಳಗಿನ ಬಾಣವನ್ನು ಒತ್ತಿ, ‘ಸ್ಲೈಡ್ಸ್ ಫ್ರಮ್ ಔಟ್‌ಲೈನ್’ ಆರಿಸಿ ಆ ವರ್ಡ್ ಕಡತವನ್ನು ತೋರಿಸಿ. ಇಡೀ ಪಾಠ ಸ್ಲೈಡುಗಳಾಗಿ ಬಂದು ಕೂರುತ್ತದೆ. ಅಕ್ಷರದ ರೂಪ ಅಚ್ಚಿನಂತೆ ಆಗದಿದ್ದರೆ ಎಲ್ಲ ಸ್ಲೈಡುಗಳನ್ನೂ ಆಯ್ದು ‘ರೀಸೆಟ್’ ಒತ್ತಿ. ನೀವು ಸೇರಿಸಬೇಕಾದ್ದು ಚಿತ್ರಗಳನ್ನು ಮಾತ್ರ.

ಒಂದೇ ಎಚ್ಚರ. ಟಿಪ್ಪಣಿಯ ಎಲ್ಲ ವಾಕ್ಯಗಳನ್ನೂ ಸ್ಲೈಡಿಗೆ ತರಬೇಡಿ. ಪಠ್ಯಪುಸ್ತಕ ಮಕ್ಕಳ ಕೈಯಲ್ಲೇ ಇದೆ. ಅದನ್ನೇ ಪರದೆಯ ಮೇಲೆ ಮತ್ತೆ ಬರೆಯುವ ಶ್ರಮ ನಿಮಗೆ ಬೇಡ. ಸ್ಲೈಡಿನಲ್ಲಿ ಚಿತ್ರ, ನಕ್ಷೆ, ಒಂದೆರಡು ಸಾಲು, ಒಂದು ಪ್ರಶ್ನೆ ಇರಲಿ. ಮಾತು ನಿಮ್ಮ ಬಾಯಿಂದಲೇ ಬರಲಿ. ಅಕ್ಷರಗಳು ಹಾರಿ ಬರುವ, ತಿರುಗಿ ಬೀಳುವ ಅನಿಮೇಷನ್‌ಗಳನ್ನು ಬಿಟ್ಟರೂ ಪಾಠಕ್ಕೆ ನಷ್ಟವಿಲ್ಲ. ನಿಮಗೆ ಹೊತ್ತು ಉಳಿಯುತ್ತದೆ.

ಕೆಲಸ ಮಾಡುವಾಗ ಬೆರಳ ತುದಿಯಲ್ಲಿ ಇರಬೇಕಾದ ಕೀಲಿಗಳು ಕೆಲವೇ. ಕಂಟ್ರೋಲ್ ಹಿಡಿದು ಎಂ ಒತ್ತಿದರೆ ಹೊಸ ಸ್ಲೈಡು. ಕಂಟ್ರೋಲ್ ಹಿಡಿದು ಡಿ ಒತ್ತಿದರೆ ಆಯ್ಕೆ ಮಾಡಿದ ಸ್ಲೈಡಿನ ಅಥವಾ ಚಿತ್ರದ ಪಡಿಯಚ್ಚು. ಈ ಡಿಯಲ್ಲಿ ಒಂದು ಸೊಗಸಿದೆ. ಒಂದು ಚೌಕ ಬರೆದು ಕಂಟ್ರೋಲ್ ಡಿ ಒತ್ತಿ, ಬಂದ ಪ್ರತಿಯನ್ನು ಬೇಕಾದಷ್ಟು ದೂರಕ್ಕೆ ಸರಿಸಿ. ಮತ್ತೆ ಡಿ ಒತ್ತುತ್ತ ಹೋದರೆ ಉಳಿದ ಚೌಕಗಳು ಅಷ್ಟೇ ಅಂತರದಲ್ಲಿ ತಾವಾಗಿ ಸಾಲುಗಟ್ಟುತ್ತವೆ. ಗಣಿತದ ಕೋಷ್ಟಕ, ಸಂಖ್ಯಾರೇಖೆ, ಪದಬಂಧ ಮಾಡುವವರಿಗೆ ಇದೊಂದೇ ಸಾಕಷ್ಟು ಹೊತ್ತು ಉಳಿಸುತ್ತದೆ. ಎಫ್4 ಈಗಷ್ಟೇ ಮಾಡಿದ ಕೆಲಸವನ್ನು ಇನ್ನೊಮ್ಮೆ ಮಾಡುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇದಕ್ಕೆ ಎಫ್ಎನ್ ಕೀಲಿಯನ್ನೂ ಹಿಡಿಯಬೇಕು. ಒಂದು ಕಡೆಯ ಅಕ್ಷರರೂಪವನ್ನು ಹತ್ತು ಕಡೆ ಹಚ್ಚಬೇಕಾದರೆ ‘ಫಾರ್ಮ್ಯಾಟ್ ಪೇಂಟರ್’ ಎಂಬ ಕುಂಚದ ಗುರುತನ್ನು ಎರಡು ಸಲ ಒತ್ತಿ. ನೀವು ಎಸ್ಕೇಪ್ ಒತ್ತುವವರೆಗೂ ಅದು ಕೈಯಲ್ಲೇ ಇರುತ್ತದೆ.

ತರಗತಿಯಲ್ಲಿ ತೋರಿಸುವಾಗ ಎಫ್5 ಒತ್ತಿದರೆ ಮೊದಲಿಂದ ಶುರು. ಶಿಫ್ಟ್ ಹಿಡಿದು ಎಫ್5 ಒತ್ತಿದರೆ ಈಗಿರುವ ಸ್ಲೈಡಿನಿಂದ. ನಡುವೆ ಕರೆಂಟು ಹೋಗಿ ಬಂದಾಗ ಇದು ಬಹಳ ನೆರವಿಗೆ ಬರುತ್ತದೆ. ಮಗುವೊಂದು ಹಿಂದಿನ ಸ್ಲೈಡಿನ ಬಗ್ಗೆ ಪ್ರಶ್ನೆ ಕೇಳಿತು ಎನ್ನಿ, 7 ಒತ್ತಿ ಎಂಟರ್ ಒತ್ತಿದರೆ ನೇರ ಏಳನೆಯ ಸ್ಲೈಡು. ಕಂಟ್ರೋಲ್ ಹಿಡಿದು ಪಿ ಒತ್ತಿದರೆ ಮೌಸ್ ಪೆನ್ನಾಗುತ್ತದೆ. ನಕ್ಷೆಯ ಮೇಲೆ ಗೆರೆ ಎಳೆಯಬಹುದು. ಇ ಒತ್ತಿದರೆ ಗೆರೆಗಳೆಲ್ಲ ಅಳಿಸುತ್ತವೆ. ಇವೆಲ್ಲಕ್ಕಿಂತ ನನಗೆ ಮುಖ್ಯವೆನಿಸುವುದು ಬಿ ಕೀಲಿ. ಅದನ್ನು ಒತ್ತಿದರೆ ಪರದೆ ಕಪ್ಪಾಗುತ್ತದೆ. ಮಕ್ಕಳ ಕಣ್ಣು ಪರದೆಯಿಂದ ನಿಮ್ಮ ಮುಖಕ್ಕೆ ಬರುತ್ತದೆ. ವಿವರಿಸಿ, ಚರ್ಚೆ ಮಾಡಿಸಿ, ಮತ್ತೆ ಬಿ ಒತ್ತಿದರೆ ಚಿತ್ರ ಮರಳುತ್ತದೆ. ಕಂಪ್ಯೂಟರ್ ಕೊಠಡಿಯಲ್ಲಿ ಉಬುಂಟು, ಲಿಬ್ರೆಆಫೀಸ್ ಇದ್ದರೂ ಚಿಂತೆಯಿಲ್ಲ. ಅದರ ಇಂಪ್ರೆಸ್‌ನಲ್ಲೂ ಎಫ್5, ಹೊಸ ಸ್ಲೈಡಿನ ಕಂಟ್ರೋಲ್ ಎಂ, ಪರದೆ ಕಪ್ಪಾಗಿಸುವ ಬಿ ಹೀಗೆಯೇ ಇವೆ.

ಈಗ ಚಿತ್ರಗಳ ವಿಷಯಕ್ಕೆ ಬರೋಣ. ಇಲ್ಲಿ ನಮ್ಮ ಎರಡು ತಾಲ್ಲೂಕುಗಳ ಶಿಕ್ಷಕರಷ್ಟು ಭಾಗ್ಯವಂತರು ಕಡಿಮೆ. ಕದಂಬರ ಪಾಠವನ್ನೇ ತೆಗೆದುಕೊಳ್ಳಿ. ಅದರ ಮೂಲ ಸಾಕ್ಷಿ ಇರುವುದು ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಸ್ಥಾನದ ಎದುರಿನ ಕಲ್ಲುಕಂಬದ ಮೇಲೆ. ಐದನೆಯ ಶತಮಾನದಲ್ಲಿ, ಶಾಂತಿವರ್ಮನ ಕಾಲದಲ್ಲಿ, ಕುಬ್ಜ ಎಂಬ ಕವಿ ಸಂಸ್ಕೃತದಲ್ಲಿ ರಚಿಸಿದ ಶಾಸನ ಅದು. ಕದಂಬ ರಾಜ್ಯ ಕಟ್ಟಿದ ಮಯೂರಶರ್ಮ ಗುರು ವೀರಶರ್ಮನೊಡನೆ ಓದಲೆಂದು ಕಂಚಿಗೆ ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾದದ್ದು, ದರ್ಭೆ ಹಿಡಿಯುತ್ತಿದ್ದ ಕೈ ಕತ್ತಿ ಹಿಡಿದದ್ದು ಎಲ್ಲ ಅಲ್ಲಿ ಕೆತ್ತಿದೆ. ಅದೇ ಊರಿನ ಉತ್ಖನನದಲ್ಲಿ ದೊರೆತ ಸಿಂಹಕಟಾಂಜನ (ಸಿಂಹದ ಕೆತ್ತನೆಯ ಕಟಕಟೆ) ಶಾಸನವನ್ನು ಪುರಾತತ್ವ ಸರ್ವೇಕ್ಷಣ ಇಲಾಖೆ ಕ್ರಿ.ಶ. 370ರದೆಂದು ಗುರುತಿಸಿದೆ.

ಈ ಪಾಠಕ್ಕೆ ಇಪ್ಪತ್ತೈದು ಸ್ಲೈಡು ಬೇಡ. ಕಂಬದ ಒಂದು ಒಳ್ಳೆಯ ಚಿತ್ರ, ಶೀರ್ಷಿಕೆಯಿಲ್ಲದೆ. ಕಂಬದ ಅಕ್ಷರಗಳು ಹತ್ತಿರದಿಂದ ಕಾಣುವ ಇನ್ನೊಂದು. ತಾಳಗುಂದದಿಂದ ಕಂಚಿಯವರೆಗಿನ ನಕ್ಷೆ. ನಕ್ಷೆ ತೋರಿಸಿ, ಬಿ ಒತ್ತಿ ಪರದೆ ಕಪ್ಪು ಮಾಡಿ, ಕಥೆಯನ್ನು ನೀವೇ ಹೇಳಿ. ಮತ್ತೆ ಬಿ ಒತ್ತಿ ಪ್ರಶ್ನೆಯ ಸ್ಲೈಡಿಗೆ ಹೋಗಿ: ‘ಓದಲು ಹೋದವನು ರಾಜ್ಯ ಕಟ್ಟಲು ಏಕೆ ಹೊರಟ?’ ಇಷ್ಟಕ್ಕೆ ಒಂದು ಅವಧಿ ಸಾಲುವುದಿಲ್ಲ, ಅಷ್ಟು ಚರ್ಚೆ ಬರುತ್ತದೆ. ಸ್ಲೈಡು ಕಡಿಮೆಯಾದಷ್ಟೂ ಮಾಡುವ ಹೊತ್ತು ಕಡಿಮೆ, ಕಲಿಸುವ ಹೊತ್ತು ಹೆಚ್ಚು.

ಇಂಥವು ನಮ್ಮ ಸುತ್ತ ಇನ್ನೂ ಇವೆ. ಬಳ್ಳಿಗಾವಿಯ ಕೇದಾರೇಶ್ವರ, ತ್ರಿಪುರಾಂತಕ ದೇವಾಲಯಗಳು, 1047ರ ಗಂಡಭೇರುಂಡ ಕಂಬ. ಅಲ್ಲಿನ ಕೋಡಿಯ ಮಠದಲ್ಲಿ ವೇದ, ವ್ಯಾಕರಣ, ದರ್ಶನಗಳನ್ನು ಕಲಿಸುತ್ತಿದ್ದರು, ಹಸಿದವರಿಗೆ ಅನ್ನ, ರೋಗಿಗಳಿಗೆ ಔಷಧ ಕೊಡುತ್ತಿದ್ದರು ಎಂದು 1162ರ ಶಾಸನ ಹೇಳುತ್ತದೆ. ಅಲ್ಲಮಪ್ರಭುವಿನ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ ಶಿಕಾರಿಪುರ ತಾಲ್ಲೂಕಿನವೇ. ವಚನ ಕಲಿಸುವವರಿಗೆ ಇದಕ್ಕಿಂತ ಹತ್ತಿರದ ಚಿತ್ರ ಬೇಕೇ? ಸೊರಬದ ಕಡೆ ಕುಬಟೂರಿನ ಕೈಟಭೇಶ್ವರ, ಚಂದ್ರಗುತ್ತಿಯ ಕೋಟೆ, ಗಂಧದ ಕೆತ್ತನೆ ಮಾಡುವ ಗುಡಿಗಾರರ ಕೈಚಳಕ. ವಿಜ್ಞಾನದವರಿಗೆ ಗುಡವಿ ಪಕ್ಷಿಧಾಮವೇ ಒಂದು ಪ್ರಯೋಗಾಲಯ. ಮಳೆಗಾಲದಲ್ಲಿ ಅಲ್ಲಿ ಮರದ ತುಂಬ ಗೂಡು ಕಟ್ಟುವ ಬಿಳಿ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆಗಳ ಕೊಕ್ಕುಗಳನ್ನು ಅಕ್ಕಪಕ್ಕ ಇಟ್ಟರೆ ಆಹಾರಕ್ಕೂ ಕೊಕ್ಕಿಗೂ ಇರುವ ಸಂಬಂಧ ಒಂದೇ ಸ್ಲೈಡಿನಲ್ಲಿ ಮುಗಿಯುತ್ತದೆ.

ಚಿತ್ರಗಳನ್ನು ಒಂದೊಂದಾಗಿ ಸೇರಿಸುತ್ತ ಕೂರಬೇಡಿ. ‘ಇನ್ಸರ್ಟ್’ ಪಟ್ಟಿಯಲ್ಲಿ ‘ಫೋಟೊ ಆಲ್ಬಮ್’ ಇದೆ. ಮೂವತ್ತು ಚಿತ್ರ ಆರಿಸಿದರೂ ಒಂದೇ ಸಲಕ್ಕೆ ಸ್ಲೈಡಿಗೊಂದರಂತೆ ಬಂದು ಕೂರುತ್ತವೆ. ಮೊಬೈಲ್ ಚಿತ್ರಗಳು ಭಾರವಾಗಿರುತ್ತವೆ. ಅವು ತುಂಬಿದ ಕಡತ ಶಾಲೆಯ ಹಳೆಯ ಕಂಪ್ಯೂಟರಿನಲ್ಲಿ ತೆರೆಯುವುದೇ ಇಲ್ಲ. ಯಾವುದಾದರೂ ಚಿತ್ರದ ಮೇಲೆ ಒತ್ತಿ, ‘ಕಂಪ್ರೆಸ್ ಪಿಕ್ಚರ್ಸ್’ಗೆ ಹೋಗಿ, ‘ಈ ಚಿತ್ರಕ್ಕೆ ಮಾತ್ರ’ ಎಂಬಲ್ಲಿನ ಗುರುತು ತೆಗೆದು, 150 ಪಿಪಿಐ ಆರಿಸಿ. ಕಡತ ಹಗುರವಾಗುತ್ತದೆ. ಪರದೆಯ ಮೇಲೆ ವ್ಯತ್ಯಾಸ ಕಾಣುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರ ತರಿಸಿಕೊಳ್ಳುವಾಗ ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ. ಹಾಗೆ ಬಂದರೆ ಮಸುಕಾಗುವುದಿಲ್ಲ.

ಹೊರಗಿನ ಚಿತ್ರ ಬೇಕಾದಾಗ ವಿಕಿಮೀಡಿಯ ಕಾಮನ್ಸ್ ನೋಡಿ. ಅಲ್ಲಿನ ಚಿತ್ರಗಳನ್ನು, ತೆಗೆದವರ ಹೆಸರು ಮತ್ತು ಪರವಾನಗಿ ಸೂಚಿಸಿ, ಬಳಸಬಹುದು. ಮಕ್ಕಳ ಮುಖ ಕಾಣುವ ಫೋಟೊಗಳನ್ನು ಪೋಷಕರ ಒಪ್ಪಿಗೆಯಿಲ್ಲದೆ ಹಂಚಬೇಡಿ. ಕರ್ನಾಟಕ ಪಠ್ಯಪುಸ್ತಕ ಸಂಘದ ತಾಣದಲ್ಲಿ ಪುಸ್ತಕಗಳ ಪಿಡಿಎಫ್ ಇದೆ. ನಿಮಗೆ ಬೇಕಾದ ನಕ್ಷೆ, ರೇಖಾಚಿತ್ರ ಹಲವು ಸಲ ಅಲ್ಲೇ ಇರುತ್ತದೆ. ವಿಂಡೋಸ್ ಮತ್ತು ಶಿಫ್ಟ್ ಹಿಡಿದು ಎಸ್ ಒತ್ತಿದರೆ ಪರದೆಯ ಬೇಕಾದ ಭಾಗವನ್ನಷ್ಟೇ ಕತ್ತರಿಸಿಕೊಳ್ಳಬಹುದು. ಪಠ್ಯಪುಸ್ತಕದ ಕ್ಯುಆರ್ ಕೋಡ್ ಮೂಲಕ ದೀಕ್ಷಾ ತಾಣದಲ್ಲಿ, ಶಿಕ್ಷಣ ಇಲಾಖೆಯ ಸಹಯೋಗದ ಕೆಒಇಆರ್ (ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ) ತಾಣದಲ್ಲಿ ಕನ್ನಡದ ಸಾಮಗ್ರಿ ಈಗಾಗಲೇ ಇದೆ. ಹೊಸದನ್ನು ಮಾಡುವ ಮೊದಲು ಇರುವುದನ್ನು ನೋಡಿ.

ಶಿಕ್ಷಕ ಬಂಧುಗಳೇ, ಇಷ್ಟೆಲ್ಲ ಕೀಲಿಗಳನ್ನು ಕಲಿತರೂ ಪ್ರತಿಯೊಬ್ಬರೂ ಎಲ್ಲ ಪಾಠಗಳನ್ನೂ ಒಬ್ಬರೇ ಮಾಡಲು ಹೊರಟರೆ ಹೊರೆ ಇಳಿಯುವುದಿಲ್ಲ. ನಿಮ್ಮ ಕ್ಲಸ್ಟರಿನಲ್ಲಿ ಸಮಾಲೋಚನಾ ಸಭೆ ನಡೆಯುತ್ತದೆ. ಅಲ್ಲಿ ಒಂದೇ ವಿಷಯ ಬೋಧಿಸುವ ನೀವೆಲ್ಲ ಹತ್ತು ನಿಮಿಷ ಜೊತೆಯಲ್ಲಿ ಕುಳಿತುಕೊಳ್ಳಿ. ಒಬ್ಬೊಬ್ಬರು ಎರಡೆರಡು ಪಾಠ ಹಂಚಿಕೊಳ್ಳಿ. ಎಲ್ಲರೂ ಒಂದೇ ಅಚ್ಚು ಬಳಸಿ, ಯೂನಿಕೋಡ್‌ನಲ್ಲೇ ಬರೆಯಿರಿ. ಎಂಟು ಜನ ಸೇರಿದರೆ ಹದಿನಾರು ಪಾಠವಾಯಿತು. ವರ್ಷದ ಬಹುಭಾಗ ಅಲ್ಲಿಗೇ ಮುಗಿಯಿತು.

ಹಂಚುವಾಗ ಪಿಡಿಎಫ್ ಮಾತ್ರ ಕೊಡದೆ ತಿದ್ದಬಹುದಾದ ಮೂಲ ಕಡತವನ್ನೇ ಕೊಡಿ. ಆನವಟ್ಟಿಯ ಶಾಲೆಗೆ ಹೊಂದಿದ್ದು ಶಿರಾಳಕೊಪ್ಪದ ಶಾಲೆಗೆ ಹಾಗೇ ಹೊಂದಬೇಕೆಂದಿಲ್ಲ. ಅಲ್ಲಿನವರು ಒಂದು ಸ್ಲೈಡು ತೆಗೆದು ತಮ್ಮ ಊರಿನ ಉದಾಹರಣೆ ಸೇರಿಸಿಕೊಳ್ಳಲಿ. ಕಡತಕ್ಕೆ ತರಗತಿ, ವಿಷಯ, ಪಾಠ ಈ ಕ್ರಮದಲ್ಲಿ ಹೆಸರಿಡಿ. ‘ಹೊಸದು’, ‘ಫೈನಲ್’ ಎಂಬ ಹೆಸರಿನ ಕಡತ ಮುಂದಿನ ವರ್ಷ ಯಾರಿಗೂ ಸಿಗುವುದಿಲ್ಲ. ಕೊನೆಯ ಸ್ಲೈಡಿನಲ್ಲಿ ಮಾಡಿದವರ, ತಿದ್ದಿದವರ ಹೆಸರಿರಲಿ. ನಿಮ್ಮ ಕೆಲಸಕ್ಕೆ ನಿಮ್ಮ ಹೆಸರು ಸಲ್ಲಲೇಬೇಕು. ‘ನನ್ನದು ಅಷ್ಟು ಚೆನ್ನಾಗಿಲ್ಲ’ ಎಂಬ ಸಂಕೋಚದಿಂದ ಒಳ್ಳೆಯ ಕಡತಗಳು ಪೆನ್‌ಡ್ರೈವ್‌ಗಳಲ್ಲೇ ಉಳಿದುಹೋಗುತ್ತವೆ. ದಯವಿಟ್ಟು ಆ ಸಂಕೋಚ ಬಿಡಿ. ತಿದ್ದುವುದಕ್ಕೆ ನಿಮ್ಮ ಸಹೋದ್ಯೋಗಿಗಳು ಇದ್ದಾರೆ. ಕಲಿತವರು ಕಲಿಯದವರ ಪಕ್ಕ ಕುಳಿತು ತೋರಿಸಿಕೊಡಿ. ನಿವೃತ್ತಿಯ ಹತ್ತಿರ ಇರುವ ಹಿರಿಯರಿಗೆ ಕೀಲಿಮಣೆ ತೊಡಕಾಗಬಹುದು. ಪಾಠವನ್ನು ಎಲ್ಲಿ ಶುರುಮಾಡಬೇಕು, ಯಾವ ಪ್ರಶ್ನೆ ಕೇಳಿದರೆ ಮಕ್ಕಳು ಬಾಯಿ ಬಿಡುತ್ತಾರೆ ಎಂಬುದು ಅವರಿಗೆ ಗೊತ್ತಿದೆ. ಅವರು ಹೇಳಲಿ, ಕಿರಿಯರು ಸ್ಲೈಡಿಗೆ ಇಳಿಸಲಿ.

ಮಲೆನಾಡಿನ ಮಳೆಗಾಲದಲ್ಲಿ ಕರೆಂಟನ್ನು ನೆಚ್ಚಿಕೊಳ್ಳಲಾಗದು. ಪ್ರತಿ ಪಾಠದ ಒಂದು ಪಿಡಿಎಫ್ ಪ್ರತಿಯನ್ನು ಮೊಬೈಲಿನಲ್ಲೂ ಇಟ್ಟುಕೊಳ್ಳಿ. ಮುಖ್ಯ ಚಿತ್ರಗಳ ಒಂದು ಮುದ್ರಿತ ಪ್ರತಿ ಕೈಯಲ್ಲಿದ್ದರೆ ಸೀಮೆಸುಣ್ಣ ಹಿಡಿದು ಪಾಠ ಮುಂದುವರಿಸಬಹುದು.

ಶಿಕ್ಷಕರಲ್ಲದ ಓದುಗರಲ್ಲೂ ನನ್ನ ವಿನಂತಿ ಇದೆ. ಕಾಲೇಜಿನಲ್ಲಿ ಓದುವ ತಮ್ಮ ತಂಗಿಯರೇ, ಯೂನಿಕೋಡ್ ಅಳವಡಿಸುವುದು ನಿಮಗೆ ಐದು ನಿಮಿಷದ ಕೆಲಸ. ನೀವು ಓದಿದ ಶಾಲೆಗೆ ಒಂದು ಶನಿವಾರ ಹೋಗಿ ಅಲ್ಲಿನ ಕಂಪ್ಯೂಟರುಗಳಲ್ಲಿ ಕನ್ನಡ ಕೀಲಿಮಣೆ ಸಿದ್ಧಮಾಡಿ ಕೊಡಿ. ಗುಡವಿಯಲ್ಲಿ, ಬಳ್ಳಿಗಾವಿಯಲ್ಲಿ ಚಿತ್ರ ತೆಗೆಯುವ ಹವ್ಯಾಸವಿರುವವರೇ, ನಿಮ್ಮ ಸಂಗ್ರಹದ ಹತ್ತಿಪ್ಪತ್ತು ಚಿತ್ರಗಳನ್ನು ಶಾಲೆಗಳ ಬಳಕೆಗೆ ಬಿಟ್ಟುಕೊಡಿ. ವಿಕಿಮೀಡಿಯ ಕಾಮನ್ಸ್‌ಗೆ ಏರಿಸಿದರೆ ಬೀದರಿನ ಮಗುವೂ ನೋಡುತ್ತದೆ. ಎಸ್‌ಡಿಎಂಸಿ ಸದಸ್ಯರೇ, ಪ್ರೊಜೆಕ್ಟರ್ ಇರುವ ಕೊಠಡಿಯ ಕಿಟಕಿಗಳಿಗೆ ದಪ್ಪ ಬಟ್ಟೆಯ ಪರದೆ ಹಾಕಿಸಿಕೊಡಿ. ಖರ್ಚು ಹೆಚ್ಚಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಇರುವ ನಮ್ಮೂರಿನ ಮಕ್ಕಳೇ, ಹಬ್ಬಕ್ಕೆ ಬಂದಾಗ ನಿಮ್ಮ ಮೇಷ್ಟ್ರನ್ನು ನೋಡಿ ಬನ್ನಿ. ಅವರ ಅಚ್ಚಿನ ಕಡತ ಸರಿಯಾಗಿದೆಯೇ ಎಂದು ಒಂದು ಗಂಟೆ ಜೊತೆಗೆ ಕೂತು ನೋಡಿಕೊಡಿ.

ಉಳಿದ ಹೊತ್ತು ಎಲ್ಲಿಗೆ ಹೋಗಬೇಕು ಎಂದು ಯಾರೂ ನಿಮಗೆ ಹೇಳಿಕೊಡಬೇಕಿಲ್ಲ. ಓದಿನಲ್ಲಿ ಹಿಂದೆ ಬಿದ್ದ ಇಬ್ಬರು ಮಕ್ಕಳ ಪಕ್ಕ ಕೂರಬಹುದು. ನಿಮ್ಮ ಮನೆಯ ಮಕ್ಕಳ ಜೊತೆ ಊಟ ಮಾಡಬಹುದು. ಸುಮ್ಮನೆ ನಿದ್ದೆ ಮಾಡಿದರೂ ಅದು ನಿಮ್ಮ ಹಕ್ಕು.

ಮುಂದಿನ ಸಮಾಲೋಚನಾ ಸಭೆಗೆ ಹೋಗುವಾಗ ನಿಮ್ಮಲ್ಲಿರುವ ಒಂದು ಪಾಠದ ಪಿಪಿಟಿಯನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಿ. ಹೇಗಿದೆಯೋ ಹಾಗೆಯೇ ಇರಲಿ. ಪಕ್ಕದಲ್ಲಿ ಕುಳಿತವರಿಗೆ ಅದನ್ನು ಕೊಡಿ, ಅವರದೊಂದನ್ನು ಕೇಳಿ ಪಡೆಯಿರಿ.